ಕಬ್ಬಿನ ಹಂಗಾಮು, ಶಾಲೆಯ ಹಂಗಾಮು

ಭೀಮಾಶಂಕರದ ಗಿರಿಯಲ್ಲಿ ಹುಟ್ಟಿ, ಪುಣೆ ಜಿಲ್ಲೆಯನ್ನು ಓರೆಯಾಗಿ ಹಾಯ್ದು, ಪಂಢರಪುರದಲ್ಲಿ ಚಂದ್ರಭಾಗೆಯೆಂಬ ಹೆಸರನ್ನು ತಾಳಿ, ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿಗಳ ಕನ್ನಡ ನೆಲವನ್ನು ತೋಯಿಸಿ ಕೃಷ್ಣೆಯನ್ನು ಸೇರುವ ಭೀಮಾನದಿಯು, ಪಂಢರಪುರವನ್ನು ಮುಟ್ಟುವುದಕ್ಕೆ ಮೊದಲು ನೀರಾನದಿಯನ್ನು ತನ್ನೊಳಕ್ಕೆ ಬರಮಾಡಿಕೊಳ್ಳುತ್ತದೆ. ಆ ಎರಡು ನದಿಗಳ ನಡುವೆ ಹಬ್ಬಿದ ಬಯಲೇ ಇಂದಾಪುರ ತಾಲೂಕು. ಸಂಗಮಸ್ಥಾನವಾದ ನರಸಿಂಗಪುರದ ಲಕ್ಷ್ಮೀನರಸಿಂಹನನ್ನು ಕುಲದೈವವೆಂದು ಇಂದಿಗೂ ನಡೆದುಕೊಳ್ಳುವ ಮನೆತನಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಉಂಟು. ಶಿವಾಜಿಯ ಅಜ್ಜನಾದ ಮಾಲೋಜಿ ಭೋಸಲೆಯು ಯುದ್ಧದಲ್ಲಿ ಮಡಿದುದು ಇಂದಾಪುರದಲ್ಲಿಯೇ ಎಂಬುದನ್ನು ಚರಿತ್ರೆಯನ್ನು ಓದಿದವರು ಬಲ್ಲರು. ಆದರೆ ಪುಣೆಯಿಂದ ಸೋಲಾಪುರದ ಹೆದ್ದಾರಿಯನ್ನು ಹಿಡಿದು ಸುಮಾರು 135 ಕಿಲೋಮೀಟರ್ ದೂರ ಸಾಗಿ ಈ ಊರನ್ನು ಸೇರುವ ಪ್ರಯಾಣಿಕನ ಕಣ್ಣಿಗೆ ಇಂದು ಮೊದಲು ಬೀಳುವುದು ದೈವವೂ ಅಲ್ಲ, ಇತಿಹಾಸವೂ ಅಲ್ಲ. ಉಜನಿ ಅಣೆಕಟ್ಟಿನ ಹಿನ್ನೀರಿನಿಂದಲೂ ನೀರಾ ಕಾಲುವೆಗಳಿಂದಲೂ ಹಸುರಾದ, ದಿಗಂತದವರೆಗೆ ಚಾಚಿಕೊಂಡ ಕಬ್ಬಿನ ಗದ್ದೆ. ಬಿಜವಡಿಯ ಕರ್ಮಯೋಗಿ ಕಾರ್ಖಾನೆ, ರೇಡಾದ ಬಳಿಯ ನೀರಾ-ಭೀಮಾ ಕಾರ್ಖಾನೆ, ಭವಾನಿನಗರದ ಛತ್ರಪತಿ ಕಾರ್ಖಾನೆ, ಇವಲ್ಲದೆ ಸಕ್ಕರೆಯಿಂದಲೇ ಊರಾಗಿ ಬೆಳೆದ ವಾಲಚಂದನಗರ, ಎಲ್ಲವೂ ಈ ಒಂದು ತಾಲೂಕಿನ ಎಲ್ಲೆಯೊಳಗೇ ಇವೆ.

ಕಬ್ಬು ಇದ್ದಲ್ಲಿಗೆ ಅದನ್ನು ಕಡಿಯುವ ಕೈ ಬರಲೇಬೇಕು. ದಸರೆ ಕಳೆದು ದೀಪಾವಳಿಯ ಹೊತ್ತಿಗೆ ಬೀಡ, ಅಹಿಲ್ಯಾನಗರ (ಹಿಂದಿನ ಅಹಮದನಗರ), ಜಾಲನಾ, ಧಾರಾಶಿವಗಳ ಮಳೆಯಿಲ್ಲದ ಹಳ್ಳಿಗಳಿಂದಲೂ, ಕೆಲಮಟ್ಟಿಗೆ ನಮ್ಮ ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಗ್ಯಾಂಗುಗಳು ಲಾರಿ ಟ್ರ್ಯಾಕ್ಟರುಗಳನ್ನೇರಿ ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಕೂಲಿಯಾಳುಗಳ ಗುತ್ತಿಗೆದಾರನಾದ ಮುಕಾದಮನಿಂದ ಮಳೆಗಾಲದಲ್ಲಿಯೇ ಮುಂಗಡ ಪಡೆದು ಉಂಡು ಮುಗಿಸಿದ ಗಂಡ ಹೆಂಡಿರು ಆ ಸಾಲವನ್ನು ಮೈಮುರಿದು ತೀರಿಸುವುದಕ್ಕಾಗಿ ಆರು ತಿಂಗಳು ಊರು ಬಿಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಈ ದಂಪತಿಗಳಿಬ್ಬರೂ ಸೇರಿ ಒಂದೇ ಸಂಖ್ಯೆ. ಅವರನ್ನು ಒಂದು ‘ಕೋಯ್ತಾ’ ಎಂದು, ಅಂದರೆ ಒಂದು ಕುಡುಗೋಲು ಎಂದು ಬರೆದುಕೊಳ್ಳುತ್ತಾರೆ. ಅವರ ಜೊತೆಯಲ್ಲಿ ಬಂದ ಮಕ್ಕಳಿಗೆ ಆ ಪುಸ್ತಕದಲ್ಲಿ ಯಾವ ಸಂಖ್ಯೆಯೂ ಇಲ್ಲ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್ ನವೆಂಬರಿನಲ್ಲಿ ಮೊದಲ್ಗೊಂಡು ಮಾರ್ಚ್ ಏಪ್ರಿಲಿನಲ್ಲಿ ಮುಗಿಯುವುದು. ಶಾಲೆಯ ವರ್ಷ ಜೂನಿನಲ್ಲಿ ಮೊದಲ್ಗೊಂಡು ಏಪ್ರಿಲಿನಲ್ಲಿ ಮುಗಿಯುವುದು. ಊರಿನ ಶಾಲೆಯಲ್ಲಿ ಹೆಸರು ಹಚ್ಚಿದ ಮಗು ಅಕ್ಷರಗಳನ್ನು ಕೂಡಿಸಿ ಓದುವ ಹದಕ್ಕೆ ಬರುವಷ್ಟರಲ್ಲಿ ಗಾಡಿ ಏರುತ್ತದೆ. ಮರಳಿ ಬಂದಾಗ ಪರೀಕ್ಷೆ ಮುಗಿದಿರುತ್ತದೆ, ಇಲ್ಲವೆ ಮುಗಿಯುವುದರಲ್ಲಿರುತ್ತದೆ.

ಬೆಳಗಿನ ಜಾವ ನಾಲ್ಕು ಗಂಟೆಗೆ ಇಲ್ಲಿಯ ಗದ್ದೆಗಳಲ್ಲಿ ಕೆಲಸ ಪ್ರಾರಂಭವಾಗುತ್ತದೆ. ಗಂಡನು ಬುಡಕ್ಕೆ ಕೋಯ್ತಾ ಹಾಕಿ ಕಬ್ಬನ್ನು ಕೆಡಹುತ್ತ ಹೋದಂತೆ, ಹೆಂಡತಿಯು ರವದಿಯನ್ನು ಸವರಿ, ತುದಿಯ ಸೋಗೆಯನ್ನು ಕತ್ತರಿಸಿ, ಕೋಲುಗಳನ್ನು ಒಟ್ಟಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಹಲಗೆಯ ಮೇಲಿನಿಂದ ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಬಿಸಿಲೇರುವ ಹೊತ್ತಿಗೆ ಏಳೆಂಟು ವರ್ಷದ ಮಕ್ಕಳು ಸೋಗೆಯನ್ನು ಆಯ್ದು ಚಿಕ್ಕ ಚಿಕ್ಕ ಕಟ್ಟು ಮಾಡುವುದನ್ನು ಕಾಣಬಹುದು. ದನದ ಮೇವಿಗೆಂದು ಅದು ಮಾರಿಹೋಗುತ್ತದೆ, ಆ ದುಡ್ಡು ಸಂಜೆಯ ಉಪ್ಪು ಮೆಣಸಿನಕಾಯಿಗೆ ಆಗುತ್ತದೆ. ಬಿದಿರಿನ ತಟ್ಟಿಯನ್ನು ಬಾಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿಕೊಂಡ ‘ಕೋಪಿ’ ಎಂಬ ಗುಡಿಸಲುಗಳ ಸಾಲಿನಲ್ಲಿ ಹಗಲು ಹೊತ್ತು ಉಳಿಯುವವರು ಮುದುಕರು, ಕೂಸುಗಳು ಮತ್ತು ಆ ಕೂಸುಗಳನ್ನು ಕಾಯುವ ಅಕ್ಕಂದಿರು. ಅಂತಹ ಒಂದು ಸಾಲಿನಲ್ಲಿ, ಸೊಂಟದ ಮೇಲೆ ತಮ್ಮನನ್ನು ಏರಿಸಿಕೊಂಡು ನಿಂತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳ ಮಾತಿನಲ್ಲಿ ಇಂಡಿ ಸೀಮೆಯ ಕನ್ನಡ ಕೇಳಿಸಿದ್ದರಿಂದ, “ಸಾಲಿಗೆ ಹೋಗಂಗಿಲ್ಲೇನವಾ ತಂಗಿ?” ಎಂದು ಕೇಳಿದೆ. “ಊರಾಗ ಹೊಕ್ಕಿದ್ನಿರಿ, ನಾಕನೆತ್ತಾ. ಇಲ್ಲಿ ಸಾಲಿ ದೂರ ಐತ್ರಿ, ಮತ್ತ ಮರಾಠಿ ಐತ್ರಿ. ಇವನ್ನ ಯಾರು ನೋಡ್ಕೋಬೇಕ್ರಿ?” ಎಂದಳು. ಶಿಕ್ಷಣತಜ್ಞರು ಗ್ರಂಥಗಟ್ಟಲೆ ಬರೆದು ವಿಂಗಡಿಸುವ ಮೂರು ಅಡ್ಡಿಗಳನ್ನು, ದೂರ, ಭಾಷೆ, ಮನೆಗೆಲಸ ಎಂಬ ಮೂರನ್ನೂ, ಆಕೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು.

ಪರ್ಯಾಯ ಶಿಕ್ಷಣವನ್ನು ಕುರಿತು ನಾವು ಪೇಟೆಯವರು ಮಾತನಾಡುವಾಗ ಈ ಹುಡುಗಿಯು ನಮ್ಮ ಮನಸ್ಸಿನಲ್ಲಿ ಇರುವುದು ಅಪೂರ್ವ. ಪರೀಕ್ಷೆಯ ಒತ್ತಡಕ್ಕೆ ಬೇಸತ್ತ ತಾಯಿತಂದೆಗಳು, ಮರದ ನೆರಳಿನ ಪಾಠ, ಕುಂಬಾರಿಕೆ, ಸಂಗೀತ, ಇವುಗಳ ಚಿತ್ರವೇ ಮೊದಲು ಬರುವುದು. ಅವು ಬೇಡವೆಂದು ನಾನು ಹೇಳುವುದಿಲ್ಲ. ಅಂತಹ ಶಾಲೆಗಳಲ್ಲಿ ಕೆಲವು ಪ್ರಾಮಾಣಿಕವಾದ ತಪಸ್ಸಿನಿಂದ ನಡೆದಿವೆ. ಆದರೆ ಶಾಲೆಯ ಸ್ವರೂಪವನ್ನು ಬದಲಿಸುವ ಅಗತ್ಯವು ಯಾರಿಗೆ ಅತ್ಯಂತ ಹೆಚ್ಚಾಗಿ ಇದೆಯೋ ಅವರ ಕಡೆಯಿಂದಲೇ ಈ ವಿಚಾರವನ್ನು ಪ್ರಾರಂಭಿಸತಕ್ಕದ್ದು ನ್ಯಾಯವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಹಾಗೆ ಶಾಲೆಯ ಸ್ವರೂಪವನ್ನು ಬದಲಿಸುವ ಒಂದು ದಾರಿಯಾಗಿ ಅಮೆರಿಕದ ಮಿನೆಸೋಟಾ ಸಂಸ್ಥಾನದಲ್ಲಿ 1991ರಲ್ಲಿ ಒಂದು ಕಾನೂನು ಬಂತು. ಸಾರ್ವಜನಿಕ ಹಣವನ್ನು ಪಡೆದು, ಶುಲ್ಕವಿಲ್ಲದೆ ಎಲ್ಲ ಮಕ್ಕಳಿಗೂ ತೆರೆದಿದ್ದು, ನಿತ್ಯದ ಆಡಳಿತದಲ್ಲಿ ಮಾತ್ರ ಇಲಾಖೆಯ ಕಟ್ಟುಗಳಿಂದ ಬಿಡುಗಡೆ ಹೊಂದಿ, ಒಪ್ಪಿಕೊಂಡ ಫಲವನ್ನು ನಿಗದಿಯಾದ ಅವಧಿಯಲ್ಲಿ ತೋರಿಸಬೇಕು, ತೋರಿಸಲಾರದಿದ್ದರೆ ಮುಚ್ಚಬೇಕು ಎಂಬ ಕರಾರಿನ ಮೇಲೆ ನಡೆಯುವ ಶಾಲೆಗಳು ಆ ಕಾನೂನಿನಿಂದ ಹುಟ್ಟಿದವು. ಅವುಗಳಿಗೆ ಚಾರ್ಟರ್ ಶಾಲೆ ಎಂದು ಹೆಸರು. ಪುಣೆ ನಗರದಲ್ಲಿ ಅದಕ್ಕೆ ಸಮೀಪವಾದ ಒಂದು ವ್ಯವಸ್ಥೆ ಇದೆ: ಮಹಾನಗರ ಪಾಲಿಕೆಯ ಕಟ್ಟಡದಲ್ಲಿ, ಪಾಲಿಕೆಯ ಶಾಲೆಯಾಗಿಯೇ ಇದ್ದು, ಶಿಕ್ಷಕರ ನೇಮಕವನ್ನೂ ಬೋಧನೆಯನ್ನೂ ಆಕಾಂಕ್ಷಾ ಪ್ರತಿಷ್ಠಾನವು ವಹಿಸಿಕೊಂಡಿರುವ ಇಂಗ್ಲಿಷ್ ಮಾಧ್ಯಮದ ಶಾಲೆಗಳು. ಕೊಳಗೇರಿಯ ಮಕ್ಕಳಿಗೆ ಶುಲ್ಕವಿಲ್ಲದೆ ಒಳ್ಳೆಯ ಪಾಠ ದೊರೆಯುತ್ತಿರುವುದು ಅಲ್ಲಿ ಪ್ರತ್ಯಕ್ಷವಾಗಿದೆ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ಉದ್ಯಮಗಳೂ ದಾನಿಗಳೂ ಸರಕಾರಿ ಶಾಲೆಗಳನ್ನು ದತ್ತು ಪಡೆಯಬಹುದೆಂಬ ಯೋಜನೆಯನ್ನು ಹೊರಡಿಸಿದಾಗ, ದತ್ತಕದ ಅವಧಿಯಲ್ಲಿ ದಾನಿಯು ಬಯಸಿದರೆ ಶಾಲೆಗೆ ತನ್ನ ಹೆಸರನ್ನು ಸೇರಿಸಬಹುದೆಂಬ ಮಾತು ಅದರಲ್ಲಿತ್ತು. ಹೆಸರಿನ ಫಲಕ ಬದಲಾದ ಮಾತ್ರಕ್ಕೆ ಇಂಡಿಯ ಹುಡುಗಿಯ ತಮ್ಮನನ್ನು ನೋಡಿಕೊಳ್ಳುವವರು ದೊರೆಯಲಾರರು. ಚಾರ್ಟರ್ ಎಂಬ ಕಲ್ಪನೆಯಲ್ಲಿ ತಿರುಳಾಗಿರುವುದು ಹೊಣೆಯೊಡನೆ ಬರುವ ಸ್ವಾತಂತ್ರ್ಯ. ದಾನವು ಅದರ ಸ್ಥಾನದಲ್ಲಿ ನಿಲ್ಲಲಾರದು.

ಆ ಸ್ವಾತಂತ್ರ್ಯವನ್ನು ಹೊರಗಿನಿಂದ ತರಬೇಕಾದ ಅವಶ್ಯಕತೆಯೂ ಈ ಸೀಮೆಗೆ ಇಲ್ಲ. ನೀರೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಸಾತಾರಾ ಜಿಲ್ಲೆ. ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ ಭಾವುರಾವ್ ಪಾಟೀಲರು, ಕೊಲ್ಹಾಪುರ ಸೀಮೆಯ ಕುಂಭೋಜದ ಜೈನ ಒಕ್ಕಲು ಮನೆತನದವರು. 1924ರಲ್ಲಿ ಸಾತಾರಾದಲ್ಲಿ ಅವರು ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಒಂದೇ ಪಂಕ್ತಿಯಲ್ಲಿ ಉಂಡರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ಆ ಮನೆಗೆ ಶಾಹು ಮಹಾರಾಜರ ಹೆಸರನ್ನು ಇಟ್ಟರು. ವಸತಿಗೃಹದ ಮಕ್ಕಳ ಊಟಕ್ಕೆ ಕಾಳು ಇಲ್ಲದ ದಿನಗಳಲ್ಲಿ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು ಕೊಟ್ಟು, ಕೊನೆಗೆ ಮಂಗಳಸೂತ್ರವನ್ನೂ ಉಳಿಸಿಕೊಳ್ಳಲಿಲ್ಲವೆಂಬುದನ್ನು ಆ ಭಾಗದ ಜನ ಇಂದಿಗೂ ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಹೊಲದಲ್ಲಿ ದುಡಿದು ಕಲಿಯುವುದು, ಕಲಿತು ಮತ್ತೆ ದುಡಿಯುವುದು, ‘ಕಮವಾ ವ ಶಿಕಾ’ ಎಂಬುದು ಅಲ್ಲಿಯ ಕ್ರಮ. ಮುಂದೆ ಮುಂಬಯಿ ಪ್ರಾಂತದ ಸರಕಾರವು ಹಳ್ಳಿಗಳಲ್ಲಿ ಸ್ವಯಂಪ್ರೇರಿತ ಶಾಲೆಗಳಿಗೆ ಅನುದಾನ ಕೊಡಲು ಮುಂದಾದಾಗ, ಗುಡ್ಡಗಾಡಿನ ಊರುಗಳಲ್ಲಿ ಐದುನೂರಕ್ಕೂ ಮೀರಿ ಪ್ರಾಥಮಿಕ ಶಾಲೆಗಳನ್ನು ಈ ಸಂಸ್ಥೆಯು ತೆರೆದು, ಅವು ನೆಲೆಗೊಂಡ ತರುವಾಯ ಸಾರ್ವಜನಿಕ ಆಡಳಿತಕ್ಕೆ ಒಪ್ಪಿಸಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಭಾವುರಾವ್‌ರ ನಿಷ್ಠುರವಾದ ಮಾತಿಗೆ ಮುನಿದ ಸರಕಾರವು ಅನುದಾನವನ್ನು ಕೆಲಕಾಲ ತಡೆಹಿಡಿದದ್ದೂ ಉಂಟು. ಜನರ ಒತ್ತಾಯದಿಂದ ಅದು ಮರಳಿ ಬಂತು. ಹಣ ಕೊಡುವ ಕೈಯು ನಾಲಗೆಯನ್ನೂ ಹಿಡಿಯಬಾರದೆಂಬ ಪಾಠವು ಆ ಪ್ರಸಂಗದಲ್ಲಿದೆ. ಸಾರ್ವಜನಿಕ ಹಣದಿಂದ ಸ್ವತಂತ್ರ ಶಾಲೆಗಳನ್ನು ನಡೆಸಬೇಕೆನ್ನುವವರೆಲ್ಲರೂ ಅದನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಇನ್ನೊಬ್ಬರನ್ನು ಇಲ್ಲಿ ನೆನೆಯದಿದ್ದರೆ ಕನ್ನಡಿಗನಾದ ನನಗೆ ಸಮಾಧಾನವಾಗದು. ಶಿಕ್ಷಣವನ್ನು ಕುರಿತ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿಯಾಗಿ ದೇಶಕ್ಕೆಲ್ಲ ಪರಿಚಿತರಾದ ಜೆ. ಪಿ. ನಾಯಕರು, 1930ರ ದಶಕದ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡು ಹೊರಬಂದ ಬಳಿಕ, ಧಾರವಾಡ ಸಮೀಪದ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ, ಆ ಹಳ್ಳಿಯ ಜನರ ನಡುವೆ ಗ್ರಾಮೋದ್ಧಾರದ ಕೆಲಸವನ್ನೂ ಶಾಲೆಯ ಕೆಲಸವನ್ನೂ ಮಾಡಿದವರು. ಬೇಸಾಯದ ಮನೆಯ ಮಗು ಶಾಲೆಗೆ ಏಕೆ ಬರಲಾರದು ಎಂಬ ಪ್ರಶ್ನೆಯನ್ನು ಅವರು ಕಡತಗಳಲ್ಲಿ ಕಾಣುವುದಕ್ಕೆ ಬಹು ಮೊದಲೇ ನಮ್ಮ ಉಪ್ಪಿನ ಬೆಟಗೇರಿಯ ಓಣಿಗಳಲ್ಲಿ ಕಂಡಿದ್ದರು. ಅವರೂ ಅವರ ಪತ್ನಿ ಚಿತ್ರಾ ನಾಯಕರೂ ಕಟ್ಟಿದ ಭಾರತೀಯ ಶಿಕ್ಷಣ ಸಂಸ್ಥೆಯು 1976ರಲ್ಲಿ ಮುಂಬಯಿಯಿಂದ ಪುಣೆಗೆ ಬಂದಿತು. 1979ರಿಂದ ಮುಂದೆ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ, ಹಗಲೆಲ್ಲ ದನ ಕಾಯುವ, ಕೂಲಿ ಮಾಡುವ, ತಮ್ಮ ತಂಗಿಯರನ್ನು ಸಾಕುವ ಮಕ್ಕಳಿಗಾಗಿ ರಾತ್ರಿಯ ವರ್ಗಗಳನ್ನು ನಡೆಸಿತು. ಕಲಿಸುವವರು ಅದೇ ಊರಿನ ತರುಣರು. ಬಂದವರಲ್ಲಿ ಹುಡುಗಿಯರೇ ಹೆಚ್ಚು. ಪರೀಕ್ಷೆಯ ಬದಲು ‘ಬಾಲಜಾತ್ರೆ’ ಎಂಬ ಮೇಳವನ್ನು ನೆರೆಯಿಸಿ, ಹಲವು ಹಳ್ಳಿಗಳ ಮಕ್ಕಳು ಒಂದೆಡೆ ಕೂಡಿ, ಓದುವುದು, ಲೆಕ್ಕ ಮಾಡುವುದು, ಹಾಡುವುದು ಎಲ್ಲವನ್ನೂ ಆಟದಂತೆ ನಡೆಸಿ, ತಮಗೆ ಏನು ಬರುತ್ತದೆ, ಏನು ಬಾರದು ಎಂಬುದನ್ನು ತಾವೇ ತಿಳಿದುಕೊಳ್ಳುವ ಏರ್ಪಾಡು ಅಲ್ಲಿತ್ತು. ಮಗು ಬಾರದಿದ್ದರೆ ಮಗುವನ್ನು ದೂರುವ ಬದಲು, ಬಾರದ ಹಾಗೆ ಮಾಡಿದ ವೇಳಾಪಟ್ಟಿಯನ್ನು ತಿದ್ದಬೇಕೆಂಬ ಸರಳವಾದ ವಿವೇಕ ಅದು.

ಆ ವಿವೇಕವು ಕಬ್ಬಿನ ಸೀಮೆಯಲ್ಲಿ ತಾಳಿದ ರೂಪವೇ ‘ಸಾಖರಶಾಳಾ’, ಸಕ್ಕರೆ ಶಾಲೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಔರಂಗಾಬಾದಿನ ಜನಾರ್ಥ ಎಂಬ ಸಂಸ್ಥೆಯು, ಅಮೆರಿಕನ್ ಇಂಡಿಯಾ ಫೌಂಡೇಶನ್ನಿನ ನೆರವಿನೊಡನೆ, ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಆವರಣಗಳಲ್ಲಿ ಇವನ್ನು ವ್ಯವಸ್ಥಿತವಾಗಿ ನಡೆಸಿತು. ಇದರ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕಣ್ಮರೆಯಾದ ಒಳ್ಳೆಯ ವಸ್ತುವಿನ ವಿವರಗಳನ್ನು ಬರೆದಿಡದಿದ್ದರೆ ಅದು ಮತ್ತೆ ಹುಟ್ಟುವುದು ಕಷ್ಟ. ಗ್ಯಾಂಗುಗಳು ಬಂದು ಕೋಪಿಗಳನ್ನು ಹೂಡಿದ ಕೂಡಲೇ, ಅದೇ ಸಾಲಿನ ಪಕ್ಕದಲ್ಲಿ ತಟ್ಟಿಯ ಗೋಡೆ, ಮೇಲೆ ಹೊದಿಕೆ ಇಷ್ಟರಿಂದಲೇ ಶಾಲೆಯ ಕೋಣೆ ಏಳುತ್ತಿತ್ತು. ಮಕ್ಕಳು ಹೆದ್ದಾರಿ ದಾಟಬೇಕಾಗಿರಲಿಲ್ಲ. ತಾಯಿ ಗದ್ದೆಯಿಂದ ಬಂದು ಇಣಿಕಿದರೆ ಮಗು ಕಾಣುತ್ತಿತ್ತು. ಗುಳೆಯ ಬದುಕನ್ನು ಬಲ್ಲ ತರುಣ ತರುಣಿಯರೇ ಶಿಕ್ಷಕರಾಗಿ ದೊರೆತೆಡೆಗಳಲ್ಲಿ ಮಕ್ಕಳ ಮಾತು ಗುರುವಿಗೂ ಗುರುವಿನ ಮಾತು ಮಕ್ಕಳಿಗೂ ಸಹಜವಾಗಿ ತಿಳಿಯುತ್ತಿತ್ತು. ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು ಬಂದ ಅಕ್ಕನನ್ನು ಯಾರೂ ಬಾಗಿಲಲ್ಲಿ ತಡೆಯುತ್ತಿರಲಿಲ್ಲ; ಕೂಸು ಮೂಲೆಯಲ್ಲಿ ಮಲಗುತ್ತಿತ್ತು, ಅಕ್ಕ ಪಾಟಿ ಹಿಡಿಯುತ್ತಿದ್ದಳು. ಕೊನೆಯಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ, ಹಂಗಾಮು ಮುಗಿದು ಮಗು ಊರಿಗೆ ಮರಳಿದಾಗ ತನ್ನ ತರಗತಿಯಲ್ಲಿ ಮುಂದುವರಿಯಲಿ ಎಂಬ ಉದ್ದೇಶದಿಂದ ಅದರ ಕಲಿಕೆಯ ದಾಖಲೆಯನ್ನು ಜೊತೆಗೆ ಕಳಿಸುವ ಪ್ರಯತ್ನ ನಡೆಯುತ್ತಿತ್ತು.

ನ್ಯೂನತೆಗಳಿರಲಿಲ್ಲವೆಂದು ಹೇಳಲಾರೆ. ತಟ್ಟಿಯ ಕೋಣೆಗೆ ಶೌಚಾಲಯವಿರಲಿಲ್ಲ, ಶಿಕ್ಷಕನಿಗೆ ತರಬೇತಿ ಸಾಲದಾಗಿತ್ತು, ಸಂಬಳ ಅಲ್ಪವಾಗಿತ್ತು, ಕಾರ್ಖಾನೆಯ ಆವರಣದಿಂದ ದೂರ ಹೊಲಗಳ ಅಂಚಿನಲ್ಲಿ ಬಿಡಾರ ಹೂಡಿದ ಟ್ರ್ಯಾಕ್ಟರ್ ಗ್ಯಾಂಗುಗಳ ಮಕ್ಕಳಿಗೆ ಈ ಶಾಲೆಯೂ ಎಟುಕುತ್ತಿರಲಿಲ್ಲ. ಬಡವರ ಮಕ್ಕಳಿಗೆ ಬಡ ಶಾಲೆ ಎಂಬ ಆಕ್ಷೇಪವನ್ನು ಕೆಲವರು ಎತ್ತಿದರು. ಆ ಆಕ್ಷೇಪದಲ್ಲಿ ಸತ್ಯವಿತ್ತು, ಅದನ್ನು ಎತ್ತಿದವರ ಹೃದಯದಲ್ಲಿ ಸದಿಚ್ಛೆಯೂ ಇತ್ತು.

2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ನಮ್ಮ ಗಣರಾಜ್ಯದ ಶ್ರೇಷ್ಠ ಶಾಸನಗಳಲ್ಲಿ ಒಂದು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವು ಹಕ್ಕಾಗಿ ಸಲ್ಲುವುದೆಂದು ಅದು ಸಾರಿತು. ಮಾನ್ಯತೆಯಿಲ್ಲದೆ ಶಾಲೆಯನ್ನು ನಡೆಸಕೂಡದು ಎಂದೂ, ಮಾನ್ಯತೆಗೆ ಇಂತಿಷ್ಟು ಕೋಣೆ, ಇಂತಹ ಶಿಕ್ಷಕ, ಆಟದ ಬಯಲು, ಬೇಲಿ ಇರತಕ್ಕದ್ದು ಎಂದೂ ವಿಧಿಸಿತು. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಆರು ತಿಂಗಳು ಬಾಳುವ ತಟ್ಟಿಯ ಕೋಣೆಗೆ ಈ ನಿಯಮಗಳ ನಡುವೆ ಸ್ಥಾನ ದೊರೆಯಲಿಲ್ಲ. ಮಕ್ಕಳನ್ನು ಸಮೀಪದ ಜಿಲ್ಲಾ ಪರಿಷತ್ತಿನ ಶಾಲೆಗೆ ಸೇರಿಸತಕ್ಕದ್ದೆಂಬುದು ಸರಕಾರದ ಧೋರಣೆಯಾಯಿತು. ಸಕ್ಕರೆ ಶಾಲೆಗಳು ಒಂದೊಂದಾಗಿ ನಿಂತುಹೋದವು. ಕಾಗದದ ಮೇಲೆ ಇದು ಪ್ರಗತಿಯೇ: ತಾತ್ಕಾಲಿಕ ಶಾಲೆಯಿಂದ ನಿಜವಾದ ಶಾಲೆಗೆ. ಆದರೆ ಸಮೀಪದ ಶಾಲೆಯೆಂದರೆ ಕೋಪಿಯಿಂದ ಎರಡು ಮೂರು ಕಿಲೋಮೀಟರ್. ನಡುವೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿಗಳನ್ನು ಎಳೆದುಕೊಂಡು ಓಲಾಡುತ್ತ ಹೋಗುವ ರಸ್ತೆ. ಆ ರಸ್ತೆಯ ಕೊನೆಯಲ್ಲಿ, ನವೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಹೋಗುವ ಇಪ್ಪತ್ತು ಹೊಸ ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ತೋಚದೆ ನಿಂತ, ಮೊದಲೇ ಎರಡೆರಡು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಶಿಕ್ಷಕಿ. ಹೆಸರು ಹಾಜರಿಪಟ್ಟಿಯನ್ನು ಸೇರಿತು. ಮಗು ಕೋಪಿಯಲ್ಲಿ ಉಳಿಯಿತು.

ಕಾಯಿದೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅದನ್ನು ಪೂರ್ತಿಯಾಗಿ ಓದಬೇಕೆಂಬುದೇ ನನ್ನ ವಿನಂತಿ. ಅದರ 4ನೆಯ ಪರಿಚ್ಛೇದವು ಹಿಂದುಳಿದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯನ್ನು ಸೇರಲು ವಿಶೇಷ ತರಬೇತಿಯ ಹಕ್ಕನ್ನು ಕೊಡುತ್ತದೆ. 5ನೆಯ ಪರಿಚ್ಛೇದವು ಒಂದು ಶಾಲೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಹ, ವರ್ಗಾವಣೆ ಪಡೆಯುವ ಹಕ್ಕನ್ನು ಕೊಟ್ಟು, ವರ್ಗಾವಣೆ ಪತ್ರವು ತಡವಾದ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ಎರಡು ಪರಿಚ್ಛೇದಗಳು ಗುಳೆ ಹೋಗುವ ಮಗುವಿಗಾಗಿಯೇ ಬರೆದವೋ ಎಂಬಂತೆ ಇವೆ. ಬೇಲಿ, ಬಯಲು, ಕೋಣೆಗಳ ಪರಿಚ್ಛೇದವನ್ನು ಕಟ್ಟುನಿಟ್ಟಾಗಿ ನಡೆಸಿದ ಆಡಳಿತವು ಇವೆರಡನ್ನು ಅದೇ ನಿಷ್ಠೆಯಿಂದ ನಡೆಸಿದ್ದರೆ ಇಂದಿನ ಮಾತೇ ಬೇರೆಯಾಗುತ್ತಿತ್ತು.

ಮಗುವನ್ನು ಊರಿನಲ್ಲಿಯೇ ಉಳಿಸಿಕೊಳ್ಳುವುದು ಮತ್ತೊಂದು ದಾರಿ. ಮರಾಠವಾಡದ ಹಳ್ಳಿಗಳಲ್ಲಿ ಹಂಗಾಮಿ ವಸತಿಗೃಹಗಳು ಹಲವು ವರ್ಷಗಳಿಂದ ನಡೆದಿವೆ. 2021ರಲ್ಲಿ ಸರಕಾರವು ಸಂತ ಭಗವಾನಬಾಬಾರ ಹೆಸರಿನಲ್ಲಿ, ಕಬ್ಬು ಕಡಿಯುವವರು ಹೆಚ್ಚಾಗಿರುವ 41 ತಾಲೂಕುಗಳಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದರಂತೆ 82 ವಸತಿನಿಲಯಗಳನ್ನು ಮಂಜೂರು ಮಾಡಿತು. ಹನ್ನೆರಡು ಹದಿಮೂರರ ಹುಡುಗಿಯನ್ನು ಬೆಳೆದ ಮಗಳೆಂಬ ಭಯದಿಂದ ಬಿಟ್ಟುಬರಲು ಮನಸ್ಸಾಗದೆ ಜೊತೆಗೆ ಕರೆತರುವುದೂ, ಬಂದ ಮೇಲೆ ಅವಳಿಗೂ ಕೋಯ್ತಾ ಹಿಡಿಸುವುದೂ, ಗಂಡ ಹೆಂಡತಿ ಸೇರಿದರೆ ಮಾತ್ರ ಒಂದು ಪೂರ್ಣ ಕೋಯ್ತಾ ಆಗುವುದರಿಂದ ಬೇಗನೆ ಅವಳಿಗೆ ಮದುವೆ ಮಾಡುವುದೂ ಬೀಡ ಜಿಲ್ಲೆಯ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ದುರಂತ. ಅಂತಹ ಹುಡುಗಿಗೆ ಭದ್ರವಾದ ಬಾಗಿಲುಳ್ಳ ವಸತಿನಿಲಯಕ್ಕಿಂತ ದೊಡ್ಡ ಪರ್ಯಾಯವಿಲ್ಲ. ಆದರೆ ಐದಾರು ವರ್ಷದ ಮಗುವನ್ನು ತಾಯಿಯಿಂದ ಆರು ತಿಂಗಳು ಅಗಲಿಸುವ ವ್ಯವಸ್ಥೆಯನ್ನು ಯಾವ ಸಹೃದಯನೂ ಆದರ್ಶವೆನ್ನಲಾರ. ದೊಡ್ಡ ಮಕ್ಕಳಿಗೆ ಊರಿನ ನಿಲಯ, ಚಿಕ್ಕವರಿಗೆ ಬಿಡಾರದ ಪಕ್ಕದ ಶಾಲೆ, ಎರಡೂ ಬೇಕು.

ಪ್ರಯೋಗವು ಪ್ರಯೋಗವಾಗಿಯೇ ಉಳಿದು ಒಣಗುವುದೇ ನಮ್ಮಲ್ಲಿ ಸಾಮಾನ್ಯ. ಹಾಗಾಗದ ಒಂದು ಉದಾಹರಣೆ ಕನ್ನಡನಾಡಿನಲ್ಲಿಯೇ ಇದೆ. ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲ ಶಿಕ್ಷಕರು 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಎಂಬ ಶಾಲೆಯನ್ನು ತೆರೆದು, ಹಳ್ಳಿಯ ಮಕ್ಕಳಿಗೆ, ತರಗತಿಯ ಗೋಡೆಗಳಿಲ್ಲದೆ, ಪರೀಕ್ಷೆಯಿಲ್ಲದೆ, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಅವಕಾಶವನ್ನು ಕೊಟ್ಟರು. ಅಲ್ಲಿ ತರಬೇತಿ ಹೊಂದಿದವರು ಋಷಿಕಣಿವೆ (ರಿಷಿ ವ್ಯಾಲಿ) ಶಾಲೆಯ ಸುತ್ತಲಿನ ಹಳ್ಳಿಗಳಲ್ಲಿ ಕಲಿಕೆಯ ಕಾರ್ಡುಗಳನ್ನೂ ಮೆಟ್ಟಿಲುಗಳನ್ನೂ ರೂಪಿಸಿದರು. ಅದನ್ನು ಕಣ್ಣಾರೆ ಕಂಡು ಬಂದ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಯ ಶಿಕ್ಷಕರು 1995ರಲ್ಲಿ ನಲಿ-ಕಲಿಯನ್ನು ಪ್ರಾರಂಭಿಸಿದರು. 2009ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಡುನಡುವೆ ಊರು ಬಿಟ್ಟು ಮರಳುವ ಮಗುವಿಗೆ ಈ ಪದ್ಧತಿಯಲ್ಲಿ ವಿಶೇಷವಾದ ಅನುಕೂಲವಿದೆ: ಹೋಗುವ ಮುನ್ನ ಯಾವ ಮೆಟ್ಟಿಲಿನಲ್ಲಿ ನಿಂತಿತ್ತೋ ಬಂದ ಮೇಲೆ ಅದೇ ಮೆಟ್ಟಿಲಿನಿಂದ ಅದು ಏರಬಹುದು, ತರಗತಿಯು ತನ್ನನ್ನು ಬಿಟ್ಟು ಮುಂದೆ ಹೋಯಿತೆಂಬ ಅವಮಾನವಿಲ್ಲ.

ಇಂದಾಪುರದ ನೆರೆಯಲ್ಲಿಯೂ ಅಂತಹ ಎರಡು ಕ್ಷೇತ್ರಗಳಿವೆ. ನೀರೆಯ ಆಚೆಗಿರುವ ಫಲಟಣದಲ್ಲಿ, ಅಲ್ಲಿಯ ಜನರ ಮರಾಠಿಯನ್ನು ಅಭ್ಯಾಸ ಮಾಡಲು ಬಂದು ಭಾರತದ ಪೌರತ್ವವನ್ನೇ ಪಡೆದು ನೆಲೆಸಿದ ಅಮೆರಿಕದ ಭಾಷಾವಿಜ್ಞಾನಿ ಮ್ಯಾಕ್ಸೀನ್ ಬರ್ನ್‌ಸನ್, ಶಾಲೆ ಬಿಟ್ಟ ಬಡ ಮಕ್ಕಳಿಗೆ ಓದು ಕಲಿಸುವ ವರ್ಗಗಳಿಂದ ಪ್ರಾರಂಭಿಸಿ, 1986ರಲ್ಲಿ ಕಮಲಾ ನಿಂಬಕರ ಬಾಲಭವನವೆಂಬ ಮರಾಠಿ ಮಾಧ್ಯಮದ ಶಾಲೆಯನ್ನು ಕಟ್ಟಿದರು. ಶ್ರೀಮಂತರ ಮಗುವೂ ಕೂಲಿಯ ಮಗುವೂ ಒಂದೇ ಚಾಪೆಯಲ್ಲಿ ಕುಳಿತು ಕಲಿಯಬೇಕೆಂಬುದು ಅದರ ವ್ರತ. ಅಲ್ಲಿ ರೂಪುಗೊಂಡ ಓದಿನ ಕ್ರಮವನ್ನು ಜಿಲ್ಲಾ ಪರಿಷತ್ತಿನ ಶಿಕ್ಷಕರಿಗೂ ಹೇಳಿಕೊಡುವ ಕೆಲಸ ನಡೆಯಿತು. ಪುಣೆ ಜಿಲ್ಲೆಯ ಇನ್ನೊಂದು ಅಂಚಿನ ಪಾಬಳದಲ್ಲಿ, ಆಹಾರ ತಂತ್ರಜ್ಞಾನದ ವಿಜ್ಞಾನಿಯಾಗಿ ದೊಡ್ಡ ಕಂಪನಿಯ ಹುದ್ದೆಯಲ್ಲಿದ್ದ ಶ್ರೀನಾಥ ಕಲಬಾಗರು ಅದನ್ನು ತೊರೆದು ಬಂದು 1983ರಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಹತ್ತನೆಯ ತರಗತಿಯಲ್ಲಿ ನಪಾಸಾದ, ಎಂಟಕ್ಕೇ ಶಾಲೆ ಬಿಟ್ಟ ಹುಡುಗರು ಒಂದು ವರ್ಷ ಅಲ್ಲಿಯೇ ಉಳಿದು, ವೆಲ್ಡಿಂಗ್, ವಯರಿಂಗ್, ಕಟ್ಟಡ ಕೆಲಸ, ದನ ಕೋಳಿ ಸಾಕಣೆ, ಮಣ್ಣು ನೀರಿನ ಪರೀಕ್ಷೆ ಎಲ್ಲವನ್ನೂ ಹಳ್ಳಿಯವರಿಗೆ ನಿಜವಾಗಿ ಮಾಡಿಕೊಟ್ಟು ಅದರಿಂದಲೇ ಕಲಿಯುತ್ತಾರೆ. ಕಬ್ಬಿಣದ ಸರಳುಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ಅವರು ಎಬ್ಬಿಸುವ ಗುಮ್ಮಟಾಕಾರದ ಮನೆಗೆ ಪಾಬಳ ಡೋಮ್ ಎಂದೇ ಹೆಸರಾಗಿದೆ. ಒಂದು ಸರಳಿನ ಅಳತೆ ತಪ್ಪಿದರೆ ಮೇಲಿನ ತ್ರಿಕೋನ ಕೂಡದು. ರೇಖಾಗಣಿತದ ಪ್ರಮೇಯವನ್ನು ಶಾಲೆಯಲ್ಲಿ ಕಂಠಪಾಠ ಮಾಡಲಾರದೆ ಸೋತ ಹುಡುಗನು ಅಲ್ಲಿ ಅದೇ ಪ್ರಮೇಯವನ್ನು ಅಂಗೈಯಲ್ಲಿ ಹಿಡಿದು ಬೆಸೆಯುತ್ತಾನೆ.

ಇಷ್ಟೆಲ್ಲ ಅನುಭವದ ಬಹುಪಾಲು ಮೂರು ನಾಲ್ಕು ತಾಸಿನ ಪ್ರಯಾಣದೊಳಗೇ ಇರುವಾಗ ಇಂದಾಪುರದ ಬಿಡಾರಗಳಿಗೆ ಆಗಬೇಕಾದ ಕೆಲಸವು ಅಸಾಧ್ಯವೆಂದು ನನಗೆ ತೋರುವುದಿಲ್ಲ. ಸಕ್ಕರೆ ಶಾಲೆಯು ಪ್ರತ್ಯೇಕ ಶಾಲೆಯಾಗಿ ಮಾನ್ಯತೆ ಪಡೆಯಲಾರದಾದರೆ, ಸಮೀಪದ ಜಿಲ್ಲಾ ಪರಿಷತ್ತಿನ ಶಾಲೆಯ ಶಾಖೆಯಾಗಿ, ಅದರ ಹಾಜರಿಪಟ್ಟಿಯಲ್ಲಿಯೇ, ಅದರ ಮಧ್ಯಾಹ್ನದ ಊಟದಲ್ಲಿ ಪಾಲು ಪಡೆದು ಬಿಡಾರದ ಪಕ್ಕದಲ್ಲಿ ನಡೆಯಲಿ. 4ನೆಯ ಪರಿಚ್ಛೇದದ ವಿಶೇಷ ತರಬೇತಿ ಎಂಬ ಹೆಸರು ಅದಕ್ಕೆ ಸಲ್ಲುತ್ತದೆ. ನಡೆಸಬಲ್ಲ ಸಂಸ್ಥೆಗೆ ಕರಾರಿನ ಮೇಲೆ ವಹಿಸಲಿ. ವೇಳೆ, ಶಿಕ್ಷಕ, ಪಾಠಕ್ರಮಗಳಲ್ಲಿ ಅದಕ್ಕೆ ಸ್ವಾತಂತ್ರ್ಯವಿರಲಿ. ಏಪ್ರಿಲಿನಲ್ಲಿ ಪ್ರತಿ ಮಗು ಎಷ್ಟು ಓದಬಲ್ಲದೆಂಬುದಕ್ಕೆ ಅದು ಉತ್ತರ ಹೇಳಲಿ. ಕೂಸುಗಳಿಗೆ ಅದೇ ಮಾಡಿನ ಕೆಳಗೆ ಅಂಗನವಾಡಿ ಇರಲಿ, ಇಲ್ಲದಿದ್ದರೆ ಅಕ್ಕಂದಿರು ಬರಲಾರರು. ವೆಚ್ಚಕ್ಕೆ ಮೂಲವಿಲ್ಲವೆನ್ನುವಂತಿಲ್ಲ: ಗೋಪಿನಾಥ ಮುಂಡೆಯವರ ಹೆಸರಿನ ಕಬ್ಬು ಕಡಿಯುವ ಕಾರ್ಮಿಕರ ಕಲ್ಯಾಣ ಮಂಡಳಕ್ಕಾಗಿ ನುರಿಸಿದ ಪ್ರತಿ ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಕೂಡಿಸುವ ಏರ್ಪಾಡು ಇದ್ದೇ ಇದೆ. ಕನ್ನಡದ ಮಕ್ಕಳ ವಿಷಯದಲ್ಲಿಯೂ ಸಾಮಗ್ರಿಯ ಕೊರತೆಯಿಲ್ಲ. ಸೋಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗಾಗಿ ಮಹಾರಾಷ್ಟ್ರದ ಬಾಲಭಾರತಿಯೇ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಅವುಗಳ ಒಂದು ಕಟ್ಟು ಇಂದಾಪುರದ ಬಿಡಾರದವರೆಗೆ ಬರಬೇಕು, ಕನ್ನಡ ಬಲ್ಲ ಒಬ್ಬ ಶಿಕ್ಷಕಿಯು ಜತ್ತದಿಂದಲೋ ಇಂಡಿಯಿಂದಲೋ ಆರು ತಿಂಗಳ ಮಟ್ಟಿಗೆ ಅದರ ಜೊತೆಗೆ ಬರಬೇಕು. ಇದಕ್ಕೆ ವಿಜಯಪುರದ ಅಧಿಕಾರಿಗಳು ಪುಣೆಯ ಅಧಿಕಾರಿಗಳಿಗೆ, ಯಾವ ಗ್ಯಾಂಗಿನೊಡನೆ ಯಾವ ಮಗು ಹೊರಟಿತೆಂಬ ಪಟ್ಟಿಯನ್ನು ಕಳಿಸುವುದು ಮೊದಲ ಹೆಜ್ಜೆ.

ಆ ಪಟ್ಟಿಯೇ ಎಲ್ಲಕ್ಕೂ ಮೂಲ. ಕೋಯ್ತಾಗಳನ್ನು ಎಣಿಸುವ ಮುಕಾದಮನ ಪುಸ್ತಕದಲ್ಲಿ ಮಕ್ಕಳಿಗೂ ಒಂದು ಅಂಕಣ ಇರಬೇಕು. ಆ ಅಂಕಣ ತುಂಬದೆ ಕಾರ್ಖಾನೆಗೆ ನುರಿಸುವ ಪರವಾನಗಿ ದೊರೆಯಬಾರದು. ಪ್ರತಿ ಹಂಗಾಮಿಗೆ ಪರವಾನಗಿ ಕೊಡುವ ಸಕ್ಕರೆ ಆಯುಕ್ತರ ಕಚೇರಿ ಇರುವುದು ಪುಣೆಯಲ್ಲಿ. ರಾಜ್ಯದ ಶಿಕ್ಷಣ ಆಯುಕ್ತರ ಕಚೇರಿ ಇರುವುದು ಪುಣೆಯಲ್ಲಿ. ಪಠ್ಯಪುಸ್ತಕ ಮುದ್ರಿಸುವ ಬಾಲಭಾರತಿಯೂ ಪುಣೆಯಲ್ಲಿಯೇ ಇದೆ. ಈ ಮೂರೂ ಕಚೇರಿಗಳವರು ದಸರೆಗೆ ಮುಂಚೆ, ಮೊದಲ ಗ್ಯಾಂಗು ಊರು ಬಿಡುವುದಕ್ಕೆ ಒಂದು ತಿಂಗಳು ಇರುವಾಗಲೇ, ಒಂದು ಮೇಜಿನ ಸುತ್ತ ಕುಳಿತು ಇಂದಾಪುರ ತಾಲೂಕಿನ ಕಾರ್ಖಾನೆಗಳ ಮಟ್ಟಿಗಾದರೂ ಈ ನಿಯಮವನ್ನು ಈ ವರ್ಷವೇ ಬರೆದು ಸಹಿ ಹಾಕಬೇಕೆಂದು ನಾನು ಕೇಳಿಕೊಳ್ಳುತ್ತೇನೆ.